ಅಳೆದವನು ಆಳಲು ಬಂದಾಗ: ಆಂತೋನಿಯೊ ದೆ ಉಲ್ಯೋವಾನ ಬದುಕು



ಹೊರನಾಡುಗಳ ಇತಿಹಾಸದ ಒಂದು ವಿಷಯವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಬೇಕು ಎಂಬುದು ಈ ಉಪನ್ಯಾಸ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಹದಿನೆಂಟನೆಯ ಶತಮಾನದ ಸ್ಪೇನಿನ ಒಬ್ಬ ಅಧಿಕಾರಿಯ ಬದುಕನ್ನು. ಹೆಸರು ಆಂತೋನಿಯೊ ದೆ ಉಲ್ಯೋವಾ. ನೌಕಾಪಡೆಯ ಅಧಿಕಾರಿ, ಗಣಿತಜ್ಞ, ಪೆರುವಿನ ಪಾದರಸದ ಗಣಿಯೊಂದರ ಗವರ್ನರ್, ಲೂಯಿಸಿಯಾನಾದ ಮೊದಲ ಸ್ಪ್ಯಾನಿಷ್ ಗವರ್ನರ್.

ಸ್ಪೇನಿನ ಅಮೆರಿಕ ಎಂದೊಡನೆ ನಮಗೆ ನೆನಪಾಗುವವರು ಕೊಲಂಬಸ್, ಕೋರ್ಟೆಸ್, ಪಿಸಾರೊ. ಮೂವರೂ ಮೊದಲ ಐವತ್ತು ವರ್ಷಗಳೊಳಗಿನವರು. ಆಮೇಲೆ ಇನ್ನೂರೈವತ್ತು ವರ್ಷ ಆ ಸಾಮ್ರಾಜ್ಯವನ್ನು ನಡೆಸಿದವರು ಯಾರು? ಕಂದಾಯ ಎತ್ತುವವರು, ಗಣಿ ನೋಡಿಕೊಳ್ಳುವವರು, ಕೋಟೆ ಕಟ್ಟಿಸುವವರು, ವರದಿ ಬರೆಯುವವರು. ಕತ್ತಿಯ ಕೆಲಸ ಬೇಗ ಮುಗಿಯಿತು, ಕಾಗದದ ಕೆಲಸ ಮುಗಿಯಲೇ ಇಲ್ಲ. ಆ ಕಾಗದದ ಜಗತ್ತನ್ನು ಉಲ್ಯೋವಾನಷ್ಟು ಹತ್ತಿರದಿಂದ ತೋರಿಸುವವರು ಕಡಿಮೆ.

ವಸಾಹತು ಆಡಳಿತಗಳು ಜನರ ಕಷ್ಟ ಗೊತ್ತಿಲ್ಲದೆ ತಪ್ಪು ಮಾಡಿದವು, ದೂರದ ರಾಜಧಾನಿಗೆ ಸುದ್ದಿ ಮುಟ್ಟಲಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಉಲ್ಯೋವಾನ ಕಥೆ ಆ ಮಾತನ್ನು ಸುಳ್ಳು ಮಾಡುತ್ತದೆ. ಮ್ಯಾಡ್ರಿಡ್ಡಿಗೆ ಗೊತ್ತಿತ್ತು. ಲೆಕ್ಕಸಮೇತ ಬರೆದು ಕೊಟ್ಟವರಿದ್ದರು. ಬರೆದವನೇ ಮುಂದೆ ಆಳುವ ಕುರ್ಚಿಯಲ್ಲೂ ಕೂತ. ಆದರೂ ಏನೂ ಬದಲಾಗಲಿಲ್ಲ. ಏಕೆ ಎಂಬುದೇ ಇಂದಿನ ನನ್ನ ಪ್ರಶ್ನೆ.

1. ಸೆವಿಲ್‌ನಿಂದ ಕಿಟೊಗೆ

ಉಲ್ಯೋವಾ ಹುಟ್ಟಿದ್ದು 1716ರ ಜನವರಿ 12ರಂದು, ಸೆವಿಲ್‌ನಲ್ಲಿ. ತಂದೆ ಬೆರ್ನಾರ್ದೊ ಸ್ಪೇನಿನ ಕೈಗಾರಿಕೆ ಮತ್ತು ವ್ಯಾಪಾರ ಏಕೆ ಕುಸಿದಿವೆ ಎಂದು ಪುಸ್ತಕ ಬರೆದ ಅರ್ಥಚಿಂತಕ. ದೇಶದ ರೋಗವನ್ನು ಪತ್ತೆ ಹಚ್ಚಿ ಮದ್ದು ಬರೆದುಕೊಡುವ ಗೀಳು ಆ ಮನೆಯಲ್ಲೇ ಇತ್ತು. ಹುಡುಗ ಹದಿನಾಲ್ಕನೆಯ ವಯಸ್ಸಿಗೇ ಅಮೆರಿಕಕ್ಕೆ ಹೊರಟ ಹಡಗು ಹತ್ತಿದ. ಮರಳಿದ ಮೇಲೆ ಕಾದಿಸ್‌ನ ನೌಕಾ ಶಾಲೆ ಸೇರಿದ. ಹೊಸ ರಾಜವಂಶವಾದ ಬೂರ್ಬೊನ್‌ಗಳು ಹಳೆಯ ಕುಲೀನರ ಬದಲು ಗಣಿತ ಬಲ್ಲ ಅಧಿಕಾರಿಗಳನ್ನು ತಯಾರು ಮಾಡಲು ಹೊರಟಿದ್ದ ಕಾಲ ಅದು.

ಆಗ ಯೂರೋಪಿನ ವಿದ್ವಾಂಸರ ನಡುವೆ ದೊಡ್ಡದೊಂದು ಜಗಳ ನಡೆದಿತ್ತು. ನ್ಯೂಟನ್ ಹೇಳಿದಂತೆ ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿ ನಡುವೆ ಉಬ್ಬಿದೆಯೋ, ಪ್ಯಾರಿಸ್ಸಿನ ಕಸೀನಿ ಮನೆತನದವರು ಹೇಳಿದಂತೆ ಧ್ರುವಗಳ ಕಡೆಗೆ ನೀಳವಾಗಿದೆಯೋ? ಕಿತ್ತಳೆಯೋ ನಿಂಬೆಯೋ ಎಂದುಕೊಳ್ಳಿ. ತೀರ್ಮಾನಕ್ಕೆ ಇದ್ದ ದಾರಿ ಒಂದೇ. ಅಕ್ಷಾಂಶದ ಒಂದು ಡಿಗ್ರಿಗೆ ನೆಲದ ಮೇಲೆ ಎಷ್ಟು ಉದ್ದ ಎಂದು ಭೂಮಧ್ಯರೇಖೆಯ ಹತ್ತಿರ ಒಮ್ಮೆ, ಧ್ರುವದ ಹತ್ತಿರ ಒಮ್ಮೆ ಅಳೆದು ಹೋಲಿಸಬೇಕು. ಫ್ರೆಂಚ್ ವಿಜ್ಞಾನ ಅಕಾಡೆಮಿ ಒಂದು ತಂಡವನ್ನು ಲ್ಯಾಪ್‌ಲೆಂಡಿಗೆ, ಇನ್ನೊಂದನ್ನು ಕಿಟೊಗೆ ಕಳಿಸಲು ನಿರ್ಧರಿಸಿತು. ಕಿಟೊ ಇಂದಿನ ಎಕ್ವಡಾರಿನ ರಾಜಧಾನಿ. ಆಗ ಸ್ಪೇನಿನ ಪೆರು ರಾಜ್ಯಕ್ಕೆ ಸೇರಿದ ನಾಡು.

ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿದ್ದ ಆ ನಾಡಿಗೆ ಫ್ರೆಂಚರನ್ನು ಬಿಡಲು ದೊರೆ ಐದನೆಯ ಫಿಲಿಪ್ ಒಪ್ಪಿದ, ಆದರೆ ತನ್ನ ಕಡೆಯ ಇಬ್ಬರು ಜೊತೆಗಿರಬೇಕೆಂದ. ವಿಜ್ಞಾನದಲ್ಲಿ ಪಾಲು ಬೇಕಿತ್ತು, ಬಂದವರ ಮೇಲೆ ಕಣ್ಣೂ ಬೇಕಿತ್ತು. ಆಯ್ಕೆಯಾದವರು ಇಪ್ಪತ್ತೆರಡರ ಹೋರ್ಹೆ ಹ್ವಾನ್ ಮತ್ತು ಹತ್ತೊಂಬತ್ತರ ಉಲ್ಯೋವಾ. ಅಷ್ಟು ದೊಡ್ಡ ವಿದ್ವಾಂಸರ ಪಕ್ಕದಲ್ಲಿ ಬರಿಯ ಶಾಲಾ ಹುಡುಗರು ನಿಂತರೆ ಚೆನ್ನಾಗಿರದೆಂದು ಇಬ್ಬರಿಗೂ ನಡುವಿನ ಹಲವು ಮೆಟ್ಟಿಲು ಹಾರಿಸಿ ಲೆಫ್ಟಿನೆಂಟ್ ಪದವಿ ಕೊಟ್ಟರು. 1735ರ ಮೇ ತಿಂಗಳಲ್ಲಿ ಅವರು ಕಾದಿಸ್ ಬಿಟ್ಟರು. ಒಂದೆರಡು ವರ್ಷದ ಕೆಲಸ ಎಂದುಕೊಂಡಿದ್ದವರು ಮನೆಗೆ ಮರಳುವ ಹೊತ್ತಿಗೆ ಹನ್ನೊಂದು ವರ್ಷ ಕಳೆದಿತ್ತು.

2. ಬೆಟ್ಟದ ಮೇಲಿನ ದಿನಗಳು

ಮೊದಲ ಕೆಲಸ ಆಧಾರರೇಖೆ ಹಾಕುವುದು. ಕಿಟೊದ ಹತ್ತಿರ ಯಾರೂಕಿ ಎಂಬಲ್ಲಿನ ಬಯಲಿನಲ್ಲಿ ಸುಮಾರು ಹನ್ನೆರಡು ಕಿಲೋಮೀಟರ್ ಉದ್ದದ ನೇರ ಗೆರೆಯನ್ನು ಮರದ ಕೋಲುಗಳಿಂದ ಅಳೆದರು. ಒಂದು ಗುಂಪು ಈ ತುದಿಯಿಂದ, ಇನ್ನೊಂದು ಆ ತುದಿಯಿಂದ ಹೊರಟು, ಕೋಲಿಗೆ ಕೋಲು ತಾಗಿಸುತ್ತಾ ನೆಲದ ಮೇಲೆ ಬಗ್ಗಿಕೊಂಡೇ ಸಾಗಿದರು. ಕೊನೆಗೆ ಎರಡು ಗುಂಪುಗಳ ಲೆಕ್ಕ ತಾಳೆ ನೋಡಿದರೆ ವ್ಯತ್ಯಾಸ ಮೂರು ಅಂಗುಲಕ್ಕೂ ಕಡಿಮೆ.

ಆ ಗೆರೆಯ ಮೇಲೆ ತ್ರಿಕೋನ, ಅದರ ಮೇಲೆ ಇನ್ನೊಂದು ತ್ರಿಕೋನ, ಹೀಗೆ ಆಂಡಿಸ್ ಪರ್ವತದ ಎರಡು ಸಾಲುಗಳ ನೆತ್ತಿಗಳನ್ನು ಹಿಡಿದು ದಕ್ಷಿಣದ ಕ್ವೆಂಕಾ ಪಟ್ಟಣದವರೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಸಾಗಬೇಕಿತ್ತು. ಪ್ರತಿ ಶಿಖರದ ಮೇಲೂ ಗುರುತು ನೆಟ್ಟು, ಎದುರಿನ ಶಿಖರದ ಗುರುತು ಕಾಣುವ ತನಕ ಕಾಯಬೇಕು. ಮೋಡ ಸರಿಯದಿದ್ದರೆ ದಿನಗಟ್ಟಲೆ, ವಾರಗಟ್ಟಲೆ ಕಾಯಬೇಕು.

ಪಿಚಿಂಚಾ ಬೆಟ್ಟದ ತುದಿಯ ಬಂಡೆಯ ಮೇಲೆ ಕಳೆದ ಇಪ್ಪತ್ತಮೂರು ದಿನಗಳನ್ನು ಉಲ್ಯೋವಾ ವಿವರವಾಗಿ ಬರೆದಿದ್ದಾನೆ. ಗುಡಿಸಲು ಎಷ್ಟು ಕಿರಿದೆಂದರೆ ಒಳಗೆ ಎಲ್ಲರೂ ತೆವಳಿಕೊಂಡು ಹೋಗಬೇಕು. ಗಾಳಿಗೆ ಕಿತ್ತುಬಂದ ಬಂಡೆಗಳು ಉರುಳುವ ಸದ್ದಿಗೆ ರಾತ್ರಿ ನಿದ್ದೆಯಿಲ್ಲ. ಕಾಲು ಊದಿಕೊಂಡು ನಡೆಯಲಾಗದು. ತುಟಿ ಒಡೆದು, ಮಾತಾಡಿದರೆ, ನಕ್ಕರೆ ರಕ್ತ. ಊಟ ಅನ್ನ ಮತ್ತು ಕೋಳಿ. ತಟ್ಟೆಯ ಕೆಳಗೆ ಕೆಂಡವಿಟ್ಟುಕೊಂಡೇ ತಿನ್ನಬೇಕು, ಇಲ್ಲವಾದರೆ ತುತ್ತು ಬಾಯಿಗೆ ಬರುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಜೊತೆಗಿದ್ದ ಮೂಲನಿವಾಸಿ ಆಳುಗಳು ನಾಲ್ಕೈದು ದಿನಕ್ಕೇ ಬೆಟ್ಟವಿಳಿದು ಓಡಿಹೋದರು. ಭೂಮಿಯ ಆಕಾರದ ಪ್ರಶ್ನೆ ಅವರದಾಗಿರಲಿಲ್ಲವಲ್ಲ.

ಪಂಬಾಮಾರ್ಕ ಎಂಬ ಇನ್ನೊಂದು ಶಿಖರದಲ್ಲಿ ಒಂದು ಬೆಳಿಗ್ಗೆ ಆತ ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಸೂರ್ಯ ಬೆನ್ನ ಹಿಂದೆ, ಎದುರಿಗೆ ಮಂಜಿನ ತೆರೆ. ಮಂಜಿನ ಮೇಲೆ ತಮ್ಮ ನೆರಳು ಬಿದ್ದಿದೆ. ನೆರಳಿನ ತಲೆಯ ಸುತ್ತ ಬಣ್ಣದ ಉಂಗುರಗಳು, ಅವುಗಳ ಹೊರಗೆ ದೊಡ್ಡದೊಂದು ಬಿಳಿಯ ಕಮಾನು. ಆರೇಳು ಜನ ಅಕ್ಕಪಕ್ಕ ನಿಂತಿದ್ದರೂ ಪ್ರತಿಯೊಬ್ಬನಿಗೂ ಪ್ರಭಾವಳಿ ಕಂಡದ್ದು ತನ್ನ ತಲೆಯ ಸುತ್ತ ಮಾತ್ರ, ಪಕ್ಕದವನ ತಲೆಗೆ ಇಲ್ಲ. ಹೊರಗಿನ ಆ ಬಿಳಿ ಕಮಾನಿಗೆ ಇಂದಿಗೂ ‘ಉಲ್ಯೋವಾನ ಉಂಗುರ’ ಎಂಬ ಹೆಸರಿದೆ.

ಪ್ರಭಾವಳಿಯ ಮಾತು ಬಂದದ್ದರಿಂದ ಮನುಷ್ಯನ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. 1737ರಲ್ಲಿ ಕಿಟೊದ ಆಡಳಿತದ ಮುಖ್ಯಸ್ಥ ಹೊಸೆ ದೆ ಅರೌಹೊ ಒಂದು ಪತ್ರದಲ್ಲಿ ತನಗೆ ಸಲ್ಲಬೇಕಾದ ಗೌರವದ ಸಂಬೋಧನೆ ಬಳಸಲಿಲ್ಲವೆಂದು ಇಪ್ಪತ್ತೊಂದರ ಉಲ್ಯೋವಾ ಅವನ ಮನೆಗೇ ಹೋಗಿ ಕೂಗಾಡಿದ. ಬಂಧನದ ಆಜ್ಞೆ ಹೊರಟಿತು. ಹ್ವಾನ್, ಉಲ್ಯೋವಾ ಇಬ್ಬರೂ ಜೆಸೂಟರ ಇಗರ್ಜಿಯಲ್ಲಿ ಅಡಗಿದರು. ಹ್ವಾನ್ ಕಣ್ತಪ್ಪಿಸಿ ಲಿಮಾಕ್ಕೆ ಹೋಗಿ ವೈಸರಾಯನ ಮೊರೆಹೊಕ್ಕ ಮೇಲೆ ಗಲಾಟೆ ತಣ್ಣಗಾಯಿತು. ಮುಂದೆ ಫ್ರೆಂಚರ ಜೊತೆಗೂ ಇಂಥದ್ದೇ ಜಗಳ. ಯಾರೂಕಿಯ ಗೆರೆಯ ಎರಡು ತುದಿಗೆ ಫ್ರೆಂಚ್ ತಂಡದ ಲಾ ಕೊಂದಮೀನ್ ಕಟ್ಟಿಸಿದ ಪಿರಮಿಡ್ಡುಗಳ ಮೇಲೆ ಸ್ಪೇನಿನವರ ಹೆಸರಿಗೆ ತಕ್ಕ ಜಾಗವಿಲ್ಲವೆಂದು ಮೊಕದ್ದಮೆ ನಡೆದು, ಕೊನೆಗೆ ಪಿರಮಿಡ್ಡುಗಳನ್ನೇ ಕೆಡವಲಾಯಿತು. ಅಂಗುಲದ ಲೆಕ್ಕದಲ್ಲಿ ಒಪ್ಪಿದವರು ಹೆಸರಿನ ವಿಷಯದಲ್ಲಿ ಒಪ್ಪಲಿಲ್ಲ.

ಈ ನಡುವೆ ಲ್ಯಾಪ್‌ಲೆಂಡಿನ ತಂಡ ಬೇಗ ಕೆಲಸ ಮುಗಿಸಿ ನ್ಯೂಟನ್ ಹೇಳಿದ್ದೇ ಸರಿ ಎಂದು ಸಾರಿಬಿಟ್ಟಿತ್ತು. ಕಿಟೊದವರು ಆಮೇಲೂ ಬೆಟ್ಟ ಹತ್ತುತ್ತಲೇ ಇದ್ದರು. ಇವರ ಅಳತೆಯಿಂದ ಆ ತೀರ್ಮಾನ ಗಟ್ಟಿಯಾಯಿತು.

3. ಸೆರೆ ಮತ್ತು ಸನ್ಮಾನ

1740ರ ಸುಮಾರಿಗೆ ಇಂಗ್ಲೆಂಡಿನ ಜೊತೆ ಯುದ್ಧ. ಆನ್ಸನ್ ಎಂಬ ಇಂಗ್ಲಿಷ್ ಸೇನಾನಿಯ ಹಡಗುಗಳು ಪೆಸಿಫಿಕ್ಕಿಗೆ ಬರುತ್ತಿವೆ ಎಂಬ ಸುದ್ದಿಗೆ ವೈಸರಾಯ್ ಈ ಇಬ್ಬರನ್ನು ಕರೆಸಿಕೊಂಡು ಕರಾವಳಿಯ ರಕ್ಷಣೆಗೆ ಹಚ್ಚಿದ. ಕೋನಮಾಪಕ ಬಿಟ್ಟು ಫಿರಂಗಿ, ಫಿರಂಗಿ ಬಿಟ್ಟು ಮತ್ತೆ ಕೋನಮಾಪಕ. ಬಂದರು ಬಂದರು ತಿರುಗುವಾಗ ಸುಂಕ ಹೇಗೆ ಸೋರುತ್ತದೆ, ಕಳ್ಳಸಾಗಣೆಯ ಮಾಲು ಯಾವ ಅಧಿಕಾರಿಯ ಕಣ್ಣೆದುರೇ ಇಳಿಯುತ್ತದೆ ಎಂಬುದನ್ನೆಲ್ಲ ಕಂಡರು.

1744ರಲ್ಲಿ ಮರಳುವಾಗ ಒಬ್ಬರ ಹಡಗು ಹೋದರೂ ಇನ್ನೊಬ್ಬರ ಲೆಕ್ಕಪತ್ರ ಉಳಿಯಲಿ ಎಂದು ಬೇರೆ ಬೇರೆ ಹಡಗು ಹತ್ತಿದರು. ಅದು ಜಾಣತನವೇ ಆಯಿತು. ಉಲ್ಯೋವಾನ ಫ್ರೆಂಚ್ ಹಡಗು ಶತ್ರುಗಳಿಂದ ತಪ್ಪಿಸಿಕೊಳ್ಳುತ್ತಾ ಕೆನಡಾ ತೀರದ ಲೂಯಿಸ್‌ಬರ್ಗ್ ಕೋಟೆಯ ಆಸರೆಗೆ ಬಂತು. ಕೋಟೆಯ ಮೇಲೆ ಫ್ರೆಂಚ್ ಬಾವುಟವೇ ಹಾರುತ್ತಿತ್ತು. ಆದರೆ ಕೆಲವೇ ವಾರಗಳ ಹಿಂದೆ ಕೋಟೆ ಇಂಗ್ಲಿಷರ ಕೈಸೇರಿತ್ತು; ಹಡಗುಗಳನ್ನು ಬಲೆಗೆ ಕೆಡವಲೆಂದೇ ಹಳೆಯ ಬಾವುಟ ಬಿಟ್ಟಿದ್ದರು. 1745ರ ಆಗಸ್ಟಿನಲ್ಲಿ ಉಲ್ಯೋವಾ ಸೆರೆಯಾದ. ಹಿಡಿಯಲು ಬಂದವರು ಹಡಗು ಹತ್ತುವ ಮುನ್ನ ಶತ್ರುವಿಗೆ ನೆರವಾಗಬಲ್ಲ ಕಾಗದಗಳನ್ನು ನೀರಿಗೆ ಎಸೆದು, ಅಳತೆಯ ಲೆಕ್ಕಗಳನ್ನು ಮಾತ್ರ ಉಳಿಸಿಕೊಂಡ.

ಇಂಗ್ಲೆಂಡಿಗೆ ಹೋದ ಮೇಲೆ ನಡೆದದ್ದು ಆ ಕಾಲದ ಸೊಗಸು. ರಾಯಲ್ ಸೊಸೈಟಿಯ ಅಧ್ಯಕ್ಷ ಮಾರ್ಟಿನ್ ಫೋಕ್ಸ್ ಈ ಕೈದಿಯ ಕಾಗದಗಳನ್ನು ನೋಡಿ, ಬಿಡಿಸಿಕೊಟ್ಟು, ವಿದ್ವಾಂಸರ ಸಭೆಗೆ ಕರೆದೊಯ್ದ. 1746ರಲ್ಲಿ ಶತ್ರುದೇಶದ ಈ ನೌಕಾಧಿಕಾರಿ ರಾಯಲ್ ಸೊಸೈಟಿಯ ಫೆಲೋ ಆದ. ಯುದ್ಧ ನಡೆದೇ ಇತ್ತು.

4. ಎರಡು ಪುಸ್ತಕಗಳು

ಮ್ಯಾಡ್ರಿಡ್ಡಿಗೆ ಮರಳಿದ ಇಬ್ಬರನ್ನೂ ಮಂತ್ರಿ ಎನ್ಸೆನಾದ ಕೂರಿಸಿ ಬರೆಸಿದ. ಹೊರಬಂದದ್ದು ಎರಡು ಕೃತಿ.

ಒಂದು, 1748ರಲ್ಲಿ ಅಚ್ಚಾದ ದಕ್ಷಿಣ ಅಮೆರಿಕದ ಪ್ರವಾಸ ಕಥನ. ಪ್ರವಾಸದ ನಾಲ್ಕು ಸಂಪುಟ ಉಲ್ಯೋವಾನದು, ಖಗೋಳದ ಅಳತೆಗಳ ಸಂಪುಟ ಹ್ವಾನನದು. ಊರು, ಬೆಳೆ, ಹಣ್ಣು, ಉಡುಪು, ಭೂಕಂಪ, ಎಲ್ಲವೂ ಅದರಲ್ಲಿದೆ. ಚೊಕೊ ಎಂಬಲ್ಲಿನ ಚಿನ್ನದ ಗಣಿಗಳಲ್ಲಿ ಸಿಗುವ ‘ಪ್ಲಾಟಿನಾ’ ಎಂಬ ವಸ್ತುವಿನ ಮಾತೂ ಇದೆ: ಅಡಿಗಲ್ಲಿನ ಮೇಲಿಟ್ಟು ಬಡಿದರೂ ಸುಲಭಕ್ಕೆ ಒಡೆಯದು, ಅದು ಹೆಚ್ಚಾಗಿ ಸೇರಿಕೊಂಡರೆ ಚಿನ್ನವನ್ನು ಬೇರ್ಪಡಿಸಲಾಗದೆ ಗಣಿಯನ್ನೇ ಕೈಬಿಡುತ್ತಾರೆ ಎಂದು. ಪ್ಲಾಟಿನಮ್ ಲೋಹದ ಬಗ್ಗೆ ಯೂರೋಪ್ ಓದಿದ ಮೊದಲ ಮಾತುಗಳಲ್ಲಿ ಇದೂ ಒಂದು. ಪುಸ್ತಕ ಬೇಗನೆ ಬೇರೆ ಭಾಷೆಗಳಿಗೂ ಹೋಯಿತು, ಲೇಖಕನ ಹೆಸರು ಯೂರೋಪಿನ ತುಂಬ ಹರಡಿತು.

ಎರಡನೆಯದು 1749ರಲ್ಲಿ ಮುಗಿದ ಗುಪ್ತ ವರದಿ. ಮಂತ್ರಿ ಮತ್ತು ದೊರೆಯ ಕಣ್ಣಿಗೆ ಮಾತ್ರ. ಪ್ರವಾಸ ಕಥನದಲ್ಲಿ ಸೊಗಸಾಗಿ ಕಂಡ ನಾಡಿನ ಒಳಗಿನ ಹುಣ್ಣುಗಳೆಲ್ಲ ಇಲ್ಲಿವೆ.

ಅದರ ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ‘ಮಿತ’ ಎಂಬ ಕಡ್ಡಾಯ ಸರದಿ ದುಡಿಮೆಗೆ ಹಳ್ಳಿಯಿಂದ ಎಳೆದು ತಂದ ಮೂಲನಿವಾಸಿ ಜಮೀನುದಾರನ ಹೊಲದಲ್ಲಿ ವರ್ಷವಿಡೀ ದುಡಿದರೆ ಸಿಗುವುದು ಹೆಚ್ಚೆಂದರೆ 18 ಪೆಸೊ. ಅದರಲ್ಲಿ 8 ಪೆಸೊ ದೊರೆಗೆ ಸಲ್ಲುವ ತಲೆಗಂದಾಯ. ಮೈಮುಚ್ಚುವ ಒರಟು ಬಟ್ಟೆಗೆ 2 ಪೆಸೊ 2 ರಿಯಾಲ್. ಎಂಟು ರಿಯಾಲಿಗೆ ಒಂದು ಪೆಸೊ. ಹಾಗಾಗಿ ಉಳಿಯುವುದು 7 ಪೆಸೊ 6 ರಿಯಾಲ್. ಅಷ್ಟರಲ್ಲಿ ಹೆಂಡತಿ ಮಕ್ಕಳ ಹೊಟ್ಟೆ, ಇಗರ್ಜಿಯ ಹಬ್ಬದ ವಂತಿಗೆ. ವರ್ಷದ ಮುಸುಕಿನ ಜೋಳಕ್ಕೆ ಬೇಕಾದ ಹಣವೇ ಇದಕ್ಕಿಂತ ಹೆಚ್ಚು. ಸಾಲ ಜಮೀನುದಾರನಿಂದಲೇ. ಸಾಲ ತೀರುವ ತನಕ ಬಿಡುಗಡೆಯಿಲ್ಲ, ತಂದೆ ಸತ್ತರೆ ಸಾಲ ಮಗನ ತಲೆಗೆ. ಜೀತದ ಲೆಕ್ಕದ ಪುಸ್ತಕವನ್ನು ಕಂಡಿರುವ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ‘ರೆಪಾರ್ತಿಮಿಯೆಂತೊ’. ಜಿಲ್ಲೆಯ ಅಧಿಕಾರಿಯಾದ ಕೊರೆಹಿದೋರ್ ಲಿಮಾದ ವ್ಯಾಪಾರಿಯಿಂದ ಸಾಲದ ಮೇಲೆ ಮಾಲು ತಂದು, ತನ್ನ ಕೈಕೆಳಗಿನ ಹಳ್ಳಿಗಳಿಗೆ ತಾನೇ ಬೆಲೆ ಕಟ್ಟಿ ಹಂಚುವುದು. ಬೇಕೇ ಎಂದು ಯಾರೂ ಕೇಳುವುದಿಲ್ಲ, ಕೊಳ್ಳಲೇಬೇಕು. ಗಡ್ಡವೇ ಬಾರದ ಜನಕ್ಕೆ ಕ್ಷೌರದ ಕತ್ತಿ, ಬರಿಗಾಲಿನ ರೈತನಿಗೆ ರೇಷ್ಮೆಯ ಕಾಲುಚೀಲ. ಅದೇ ಅಧಿಕಾರಿ ಕಂದಾಯ ಎತ್ತುವವನು, ಅದೇ ಅಧಿಕಾರಿ ನ್ಯಾಯಾಧೀಶ. ದೂರು ಕೊಡುವುದಾದರೂ ಯಾರಿಗೆ? ನೇಯ್ಗೆಯ ಕಾರ್ಖಾನೆಗಳಾದ ‘ಒಬ್ರಾಹೆ’ಗಳ ಅಧ್ಯಾಯ ಇನ್ನೂ ಕಠೋರ. ಬೆಳಗಾಗುವ ಮೊದಲೇ ಕೆಲಸಗಾರರನ್ನು ಒಳಗೆ ಕೂಡಿ ಬೀಗ, ಕತ್ತಲಾದ ಮೇಲೆ ಲೆಕ್ಕ, ನಿಗದಿ ಮುಗಿಸದವನಿಗೆ ಚಾಟಿಯೇಟು. ಪಾದ್ರಿಗಳ ಸುಲಿಗೆ, ಅಮೆರಿಕದಲ್ಲಿ ಹುಟ್ಟಿದ ಸ್ಪೇನಿಗರಿಗೂ ಸ್ಪೇನಿನಿಂದ ಬಂದವರಿಗೂ ನಡುವಿನ ದ್ವೇಷ, ಕಳ್ಳಸಾಗಣೆ, ಒಂದನ್ನೂ ಬಿಟ್ಟಿಲ್ಲ.

ಆದರೆ ಇದು ಬಂಡಾಯದ ಬರಹವಲ್ಲ. ಹ್ವಾನ್ ಮತ್ತು ಉಲ್ಯೋವಾ ದೊರೆಯ ನಿಷ್ಠ ಸೇವಕರು. ಹುಣ್ಣು ತೊಳೆದರೆ ಸಾಮ್ರಾಜ್ಯ ಗಟ್ಟಿಯಾಗುತ್ತದೆ, ಖಜಾನೆ ತುಂಬುತ್ತದೆ ಎಂಬ ನಂಬಿಕೆ ಅವರದು. ಅಷ್ಟೇ ಅಲ್ಲ, ಗುಪ್ತ ವರದಿಯಲ್ಲಿ ಮೂಲನಿವಾಸಿಗಳ ಸಂಕಟಕ್ಕೆ ಮರುಗಿದ ಉಲ್ಯೋವಾನೇ ಅಚ್ಚಾದ ಪುಸ್ತಕಗಳಲ್ಲಿ ಅವರನ್ನು ಸೋಮಾರಿಗಳು, ಜಡರು ಎಂದು ಬರೆದ. 1772ರ ಪುಸ್ತಕದಲ್ಲಂತೂ ಆ ತಾತ್ಸಾರ ಮತ್ತಷ್ಟು ಬಿಗಿಯಾಗಿದೆ. ಮರುಕ ಗುಟ್ಟಿನಲ್ಲಿ, ತಾತ್ಸಾರ ಬಹಿರಂಗದಲ್ಲಿ. ಎರಡೂ ಒಂದೇ ಕೈಯ ಬರಹ.

ವರದಿ ಏನಾಯಿತು? ಬೀಗದೊಳಗೆ ಹೋಯಿತು. 1750ರ ದಶಕದಲ್ಲಿ ಸರ್ಕಾರ ರೆಪಾರ್ತಿಮಿಯೆಂತೊವನ್ನು ನಿಲ್ಲಿಸುವ ಬದಲು ಕಾನೂನುಬದ್ಧ ಮಾಡಿತು. ಯಾವ ಜಿಲ್ಲೆಗೆ ಎಷ್ಟು ಮಾಲು, ಎಷ್ಟು ಬೆಲೆ ಎಂದು ಪಟ್ಟಿ ಮಾಡಿ, ಅದರ ಮೇಲೆ ತೆರಿಗೆಯನ್ನೂ ಹಾಕಿಕೊಂಡಿತು. ಅನ್ಯಾಯ ಇದೆ ಎಂದು ಗೊತ್ತಾದಾಗ ಅದರಲ್ಲಿ ಪಾಲು ಕೇಳುವುದೂ ಒಂದು ಬಗೆಯ ಆಡಳಿತ!

5. ವಾಂಕಾವೆಲಿಕದ ಗಣಿ

ಮುಂದಿನ ವರ್ಷಗಳಲ್ಲಿ ಉಲ್ಯೋವಾ ಯೂರೋಪು ಸುತ್ತಿ ಕಾಲುವೆ, ಕಾರ್ಖಾನೆ, ಹಡಗುಕಟ್ಟೆಗಳ ತಂತ್ರಗಳನ್ನು ಕಲಿತು ಬಂದ. ಮ್ಯಾಡ್ರಿಡ್‌ನಲ್ಲಿ ನಿಸರ್ಗ ವಸ್ತುಸಂಗ್ರಹ ಕಟ್ಟಲು ನೆರವಾದ. ಎನ್ಸೆನಾದ 1754ರಲ್ಲಿ ಅಧಿಕಾರ ಕಳೆದುಕೊಂಡ. 1758ರಲ್ಲಿ ಉಲ್ಯೋವಾನಿಗೆ ಸಿಕ್ಕ ಹೊಸ ಕೆಲಸ ಪೆರುವಿನ ವಾಂಕಾವೆಲಿಕದ ಗವರ್ನರ್ ಹುದ್ದೆ.

ಅದಿರಿನಿಂದ ಬೆಳ್ಳಿ ತೆಗೆಯಲು ಪಾದರಸ ಬೇಕು. ಪೆರುವಿನ ಬೆಳ್ಳಿಗೆ ಹೆಚ್ಚಿನ ಪಾದರಸ ಒದಗಿಸುತ್ತಿದ್ದದ್ದು ವಾಂಕಾವೆಲಿಕದ ಸಾಂತಾ ಬಾರ್ಬರಾ ಗಣಿ. ಪಾದರಸದ ಹಬೆ ಕುಡಿದವರಿಗೆ ಕೈಕಾಲು ನಡುಗುವ ರೋಗ. ಜನ ಅದನ್ನು ಸಾವಿನ ಗಣಿ ಎಂದೇ ಕರೆಯುತ್ತಿದ್ದರು. ಗಣಿ ದೊರೆಯದು, ಅಗೆಯುವ ಗುತ್ತಿಗೆ ಅಲ್ಲಿನ ಗಣಿಮಾಲೀಕರ ಸಂಘದ್ದು.

ಒಳಗಿಳಿದ ಉಲ್ಯೋವಾನ ಕಣ್ಣಿಗೆ ಬಿದ್ದದ್ದು ಕಂಬಗಳು. ಅಗೆಯುವಾಗ ಮೇಲಿನ ಬೆಟ್ಟ ಕುಸಿಯದಂತೆ ಅಲ್ಲಲ್ಲಿ ಅದಿರನ್ನೇ ಕಂಬದಂತೆ ಬಿಡಬೇಕೆಂಬ ಕಟ್ಟುನಿಟ್ಟಿತ್ತು. ಗುತ್ತಿಗೆದಾರರು ಆ ಕಂಬಗಳನ್ನೇ ಕೆತ್ತುತ್ತಿದ್ದರು; ಹೊಸದಾಗಿ ಅಗೆಯುವುದಕ್ಕಿಂತ ಅದು ಸುಲಭ. ತಡೆಯಬೇಕಾದ ಮೇಲ್ವಿಚಾರಕರಿಗೆ ಪಾಲು ಸಂದಾಯವಾಗುತ್ತಿತ್ತು. ಹಿಂದಿನ ಗವರ್ನರುಗಳಿಗೂ ಮಾಮೂಲು ಸಲ್ಲುತ್ತಿತ್ತು. ಉಲ್ಯೋವಾ ಮಾಮೂಲು ಮುಟ್ಟಲಿಲ್ಲ. ಊರಿಗೆ ಊರೇ ಶತ್ರುವಾಯಿತು. ಲಂಚ ತಿನ್ನದ ಅಧಿಕಾರಿ ಲಂಚ ಕೊಡುವವನಿಗೆ ಮಾತ್ರವಲ್ಲ, ಮೇಲಿನಿಂದ ಕೆಳಗಿನವರೆಗೆ ತಿನ್ನುವವರಿಗೆಲ್ಲ ಅಪಾಯ. ಲಿಮಾದಲ್ಲಿ ಅವನ ಮೇಲೇ ದೂರುಗಳು ದಾಖಲಾದವು. 1761ರಲ್ಲಿ ಬಂದ ವೈಸರಾಯ್ ಆಮತ್ ಅವನ ವಿರೋಧಿಗಳ ಮಾತಿಗೆ ಕಿವಿಗೊಟ್ಟ. ತನ್ನನ್ನು ಇಲ್ಲಿಂದ ಬಿಡಿಸಿ ಎಂದು ಸ್ಪೇನಿಗೆ ಪತ್ರದ ಮೇಲೆ ಪತ್ರ ಬರೆದ ಉಲ್ಯೋವಾ, 1764ರಲ್ಲಿ ಗಣಿಯಿಂದ ಪಾರಾದ; ಮೊಕದ್ದಮೆಗಳು ಬೆನ್ನು ಬಿಡಲಿಲ್ಲ.

1786ರಲ್ಲಿ ಆ ಗಣಿಯ ಮೇಲುಭಾಗ ಕುಸಿದು ನೂರಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಆಧಾರಕ್ಕೆ ಬಿಡಬೇಕಾದ ಅದಿರನ್ನು ಅಗೆದದ್ದೇ ಕಾರಣ.

ಗುಪ್ತ ವರದಿ ಬರೆದವನಿಗೆ ಇಲ್ಲಿ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅಧಿಕಾರವೂ ಇತ್ತು. ಇಲ್ಲದೆ ಇದ್ದದ್ದು ಜೊತೆ ನಿಲ್ಲುವ ಜನ. ಗಣಿ ಕುಸಿದರೆ ಸಾಯುವವರು ಯಾರೋ, ಅವರನ್ನು ಆತ ಪಕ್ಷಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬಹುದು ಎಂದು ಅವನಿಗೆ ಹೊಳೆಯುವಂತೆಯೂ ಇರಲಿಲ್ಲ. ಅವನ ಮಾತೆಲ್ಲ ಮೇಲಕ್ಕೆ, ಮ್ಯಾಡ್ರಿಡ್ಡಿಗೆ. ಅಲ್ಲಿಂದ ಉತ್ತರ ಬರಲು ತಿಂಗಳುಗಳೇ ಬೇಕು.

6. ನ್ಯೂ ಆರ್ಲಿಯನ್ಸ್‌ನ ಎರಡೂವರೆ ವರ್ಷ

ಉತ್ತರ ಅಮೆರಿಕದ ಲೂಯಿಸಿಯಾನಾವನ್ನು ಫ್ರಾನ್ಸ್ 1762ರ ಗುಪ್ತ ಒಪ್ಪಂದದಲ್ಲಿ ಸ್ಪೇನಿಗೆ ಬಿಟ್ಟುಕೊಟ್ಟಿತ್ತು. ಅಲ್ಲಿನ ಫ್ರೆಂಚ್ ವಲಸಿಗರಿಗೆ ವಿಷಯ ಗೊತ್ತಾದದ್ದು ಎರಡು ವರ್ಷದ ಮೇಲೆ. ಹೊಸ ಒಡೆಯನ ಪರವಾಗಿ 1766ರ ಮಾರ್ಚ್ 5ರಂದು ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದವನು ಐವತ್ತು ವರ್ಷದ ಉಲ್ಯೋವಾ. ಜೊತೆಗೆ ಸುಮಾರು ತೊಂಬತ್ತು ಸೈನಿಕರು. ಅಲ್ಲಿದ್ದ ಫ್ರೆಂಚ್ ಸೈನಿಕರು ಸ್ಪೇನಿನ ಸೇವೆಗೆ ಸೇರುತ್ತಾರೆಂಬ ಲೆಕ್ಕವಿತ್ತು, ಅವರು ಸೇರಲಿಲ್ಲ. ಅಧಿಕಾರ ವಹಿಸಿಕೊಳ್ಳುವ ಸಮಾರಂಭವನ್ನು ಉಲ್ಯೋವಾ ಮುಂದೂಡಿದ. ನಗರದ ಸುಪೀರಿಯರ್ ಕೌನ್ಸಿಲ್ ನಿಮ್ಮ ನೇಮಕದ ಪತ್ರ ತೋರಿಸಿ ಎಂದಿತು, ತೋರಿಸಲಿಲ್ಲ. ಹೆಸರಿಗೆ ಸ್ಪೇನಿನ ಗವರ್ನರ್, ಆಜ್ಞೆಗಳು ಹೊರಡುತ್ತಿದ್ದದ್ದು ಫ್ರೆಂಚ್ ಅಧಿಕಾರಿ ಓಬ್ರಿಯ ಮೂಲಕ.

ಆದರೆ ಅಳೆಯುವ ಕೆಲಸ ಮಾತ್ರ ನಿಲ್ಲಲಿಲ್ಲ. ಬಂದ ವರ್ಷವೇ ಜನಗಣತಿ ಮಾಡಿಸಿದ, ನಗರದ ಪಕ್ಕದ ನದಿಯ ಉದ್ದಕ್ಕೂ ಹೋಗಿ ನೋಡಿದ, ಕೋಟೆಗಳ ಜಾಗ ಗುರುತಿಸಿದ. ಬ್ರಿಟಿಷರು ಕೆನಡಾದ ಕಡೆಯಿಂದ ಹೊರಹಾಕಿದ್ದ ಅಕೇಡಿಯನ್ ಕುಟುಂಬಗಳು ತಮ್ಮವರ ಹತ್ತಿರ ನೆಲೆಸಬೇಕೆಂದು ಬೇಡಿಕೊಂಡಾಗ, ಗಡಿ ಕಾಯಲು ಅನುಕೂಲವೆಂದು ಅವರನ್ನು ದೂರದ ನ್ಯಾಚೆಜ್ ಬಳಿಗೆ ಕಳಿಸಿದ. ನಕ್ಷೆಯ ಮೇಲೆ ಅದು ಸರಿಯಾದ ಜಾಗವೇ.

ಜನರ ಮನಸ್ಸು ಮುರಿದ ಘಟನೆಗಳು ಒಂದಾದ ಮೇಲೊಂದು ಬಂದವು. ನದಿಯ ಮುಖದಲ್ಲಿರುವ ಬಲೀಸ್ ಎಂಬ ಕೆಸರುದಿಬ್ಬದಲ್ಲಿ ಗವರ್ನರ್ ತಿಂಗಳುಗಟ್ಟಲೆ ಕಾದು ಕೂತ, ಲಿಮಾದಿಂದ ಬರಲಿದ್ದ ಮದುಮಗಳಿಗಾಗಿ. ವಧು ಫ್ರಾನ್ಸಿಸ್ಕಾ ರಮಿರೆಸ್ ದೆ ಲರೇದೊ, ಪೆರುವಿನ ಕುಲೀನ ಮನೆಯ, ವಯಸ್ಸಿನಲ್ಲಿ ಬಹಳ ಕಿರಿಯ ಹುಡುಗಿ. ಮದುವೆ ಅಲ್ಲೇ, ಸದ್ದಿಲ್ಲದೆ ಮುಗಿಯಿತು. ಊರಿನವರಿಗೆ ಕರೆಯೂ ಇಲ್ಲ, ಕುಣಿತವೂ ಇಲ್ಲ. ಸಂಭ್ರಮವನ್ನೇ ಜೀವವಾಗಿಸಿಕೊಂಡಿದ್ದ ಆ ಊರು ಇದನ್ನು ಮರೆಯಲಿಲ್ಲ. ಆಮೇಲೆ ವ್ಯಾಪಾರದ ಕಟ್ಟಳೆಗಳು. ಇನ್ನು ಮೇಲೆ ಸ್ಪೇನಿನ ಬಂದರುಗಳ ಜೊತೆಗಷ್ಟೇ ವಹಿವಾಟು. ಬೋರ್ಡೋ ದ್ರಾಕ್ಷಾರಸಕ್ಕೆ ಬದಲು ಸ್ಪೇನಿನ ದ್ರಾಕ್ಷಾರಸ. ಕಳ್ಳಸಾಗಣೆಯಿಂದಲೇ ಉಸಿರಾಡುತ್ತಿದ್ದ ವರ್ತಕರಿಗೆ ಇದು ಗಂಟಲು ಹಿಸುಕಿದಂತಾಯಿತು.

1768ರ ಅಕ್ಟೋಬರ್ 28ರಂದು ಹಳ್ಳಿಗಳಿಂದ ಜರ್ಮನ್ ಮತ್ತು ಅಕೇಡಿಯನ್ ರೈತರು ನಗರಕ್ಕೆ ನುಗ್ಗಿದರು. ಗರ್ಭಿಣಿ ಹೆಂಡತಿಯೊಡನೆ ಉಲ್ಯೋವಾ ಹಡಗು ಸೇರಿಕೊಂಡ. ಮೂರು ದಿನದಲ್ಲಿ ಜಾಗ ಖಾಲಿ ಮಾಡಬೇಕೆಂದು ಕೌನ್ಸಿಲ್ ಆಜ್ಞೆ ಹೊರಡಿಸಿತು. ನವೆಂಬರ್ 1ಕ್ಕೆ ಹಡಗು ಹವಾನಾದತ್ತ ಹೊರಟಿತು.

ಬಂಡಾಯಗಾರರ ದೂರುಪಟ್ಟಿಯಲ್ಲಿ ಒಂದು ಅಂಶವಿದೆ. ಗುಲಾಮರಿಗೆ ನಗರದೊಳಗೆ ಚಾಟಿಯೇಟು ಕೊಡಬಾರದೆಂದು ಗವರ್ನರ್ ತಡೆದಿದ್ದಾನೆ, ಅವನ ಹೆಂಡತಿಗೆ ಆ ಕೂಗು ಕೇಳಲಾಗದಂತೆ, ಹೊಡೆಸಲು ನಾವು ಊರಾಚೆಗೆ ಹೋಗಬೇಕಾಗಿದೆ ಎಂದು! ಸ್ವಾತಂತ್ರ್ಯದ ಹೆಸರಿನಲ್ಲಿ ನಡೆದ ಬಂಡಾಯದ ಕಾಗದ ಅದು. ಗವರ್ನರ್ ತಡೆದದ್ದೂ ಕೂಗನ್ನೇ. ಏಟು ಊರಾಚೆ ನಡೆಯುತ್ತಲೇ ಇತ್ತು. ಈ ಜಗಳದಲ್ಲಿ ಎರಡೂ ಪಕ್ಷದವರು ಮಾತಾಡಿದರು. ಏಟು ತಿನ್ನುವವರ ಮಾತು ಯಾವ ಕಾಗದದಲ್ಲೂ ಇಲ್ಲ.

ಮರುವರ್ಷ ಜನರಲ್ ಓ’ರೈಲಿ ಸುಮಾರು ಎರಡು ಸಾವಿರ ಸೈನಿಕರೊಡನೆ ಬಂದ. ಕೌನ್ಸಿಲ್ಲಿನ ಅಟಾರ್ನಿ ಲಾಫ್ರೆನಿಯೇರ್ ಸೇರಿ ಐವರನ್ನು ಗುಂಡಿಟ್ಟು ಕೊಂದ. ಉಲ್ಯೋವಾ ತೊಂಬತ್ತು ಜನರೊಡನೆ ಸಾಧಿಸಲಾಗದ್ದನ್ನು ಬಂದೂಕು ಕೆಲವೇ ವಾರಗಳಲ್ಲಿ ಸಾಧಿಸಿತು.

7. ಚಂದ್ರನೊಳಗಿನ ತೂತು

ಆಮೇಲೆ ಉಲ್ಯೋವಾ ಮತ್ತೆ ಸಮುದ್ರಕ್ಕೆ ಮರಳಿದ. ಮೆಕ್ಸಿಕೊದ ಬೆಳ್ಳಿ ತರಲು ಹೋದ ಕೊನೆಯ ದೊಡ್ಡ ಹಡಗುಪಡೆಯ ದಂಡನಾಯಕ ಅವನೇ. ವಾಪಸು ಬರುವಾಗ, 1778ರ ಜೂನ್ 24ರಂದು, ಹಡಗಿನ ಮೇಲಿಂದಲೇ ಖಗ್ರಾಸ ಸೂರ್ಯಗ್ರಹಣ ಕಂಡ. ಕಪ್ಪು ಚಂದ್ರನ ಅಂಚಿನೊಳಗೆ ಒಂದು ಹೊಳೆವ ಕೆಂಪು ಚುಕ್ಕೆ. ಚಂದ್ರನಲ್ಲಿ ಈ ಬದಿಯಿಂದ ಆ ಬದಿಗೆ ತೂತಿದೆ, ಅದರ ಮೂಲಕ ಸೂರ್ಯ ಕಂಡ ಎಂದು ಆತ ತೀರ್ಮಾನಿಸಿ ಮರುವರ್ಷ ಪ್ರಕಟಿಸಿದ. ತೂತಿನ ಮಾತು ನಿಲ್ಲಲಿಲ್ಲ, ನೋಡಿದ್ದನ್ನು ನೋಡಿದಂತೆ ಬರೆದಿಟ್ಟ ಶಿಸ್ತು ಉಳಿಯಿತು.

ಇಂಗ್ಲೆಂಡಿನ ಜೊತೆ ಮತ್ತೆ ಯುದ್ಧ ಬಂದಾಗ ಅರವತ್ತು ದಾಟಿದ್ದ ಅವನಿಗೆ ಒಂದು ನೌಕಾದಳ ಒಪ್ಪಿಸಿದರು. ಹಿಡಿಯಬೇಕಾದ ಹಡಗುಗಳು ಸಿಗಲಿಲ್ಲ. ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ನಿರ್ದೋಷಿಯೆಂದು ತೀರ್ಪಾಯಿತು, ಆದರೆ ಯುದ್ಧದ ಹುದ್ದೆ ಮತ್ತೆ ಬರಲಿಲ್ಲ. ನೌಕಾಪಡೆ ಸೇರಿದ್ದ ಮೂವರು ಗಂಡುಮಕ್ಕಳೊಡನೆ ನಡೆಸಿದ ಸಂಭಾಷಣೆಯ ರೂಪದಲ್ಲಿ ಹಡಗುಯಾನದ ಅನುಭವವನ್ನೆಲ್ಲ ಒಂದು ಪುಸ್ತಕ ಮಾಡಿದ. ಅದು ಹೊರಬಂದ ವರ್ಷವೇ, 1795ರ ಜುಲೈನಲ್ಲಿ, ಕಾದಿಸ್ ಬಳಿಯ ದ್ವೀಪದಲ್ಲಿ ತೀರಿಕೊಂಡ.

ಅಷ್ಟರಲ್ಲಿ ಪೆರುವಿನಲ್ಲಿ ಲೆಕ್ಕ ಚುಕ್ತಾ ಆಗತೊಡಗಿತ್ತು. 1780ರ ನವೆಂಬರಿನಲ್ಲಿ ತೂಪಾಕ್ ಅಮಾರು ಎಂಬ ಹೆಸರಿನಿಂದ ಎದ್ದ ನಾಯಕ ಆರಿಯಾಗ ಎಂಬ ಕೊರೆಹಿದೋರನನ್ನು ಹಿಡಿದು ಗಲ್ಲಿಗೇರಿಸಿದ. ಆ ಕೋಪದ ಬೇರಿನಲ್ಲಿ ಇದ್ದದ್ದು ಬಲವಂತದ ಮಾಲು ಮತ್ತು ಕಡ್ಡಾಯ ದುಡಿಮೆ, ಮೂವತ್ತೊಂದು ವರ್ಷ ಹಿಂದೆ ಗುಪ್ತ ವರದಿಯಲ್ಲಿ ಇಬ್ಬರು ಯುವಕರು ಬರೆದಿದ್ದ ಅದೇ ವಿಷಯ. ರೆಪಾರ್ತಿಮಿಯೆಂತೊ ರದ್ದಾದದ್ದು ಆಗ. ಆ ದಂಗೆಯಲ್ಲಿ ಸತ್ತವರು ಒಂದು ಲಕ್ಷದಷ್ಟು ಎಂಬುದು ಇತಿಹಾಸಕಾರರ ಅಂದಾಜು.

ವರದಿ ಅಚ್ಚಾದದ್ದು 1826ರಲ್ಲಿ, ಲಂಡನ್ನಿನಲ್ಲಿ, ಡೇವಿಡ್ ಬ್ಯಾರಿ ಎಂಬ ಇಂಗ್ಲಿಷನ ಕೈಯಿಂದ, ‘ಅಮೆರಿಕದ ಗುಪ್ತ ಸಮಾಚಾರ’ ಎಂಬ ಅರ್ಥದ ಹೆಸರಿಟ್ಟು. ಪೆರುವಿನ ಕಾಯಾವೊ ಕೋಟೆಯಲ್ಲಿ ಸ್ಪೇನಿನ ಕೊನೆಯ ಪಡೆ ಶರಣಾದದ್ದೂ ಅದೇ ವರ್ಷ. ಸಾಮ್ರಾಜ್ಯವನ್ನು ಉಳಿಸಲು ಬರೆದದ್ದು ಸಾಮ್ರಾಜ್ಯ ಹೋದ ಮೇಲೆ ಅದರ ವಿರುದ್ಧದ ಸಾಕ್ಷಿಯಾಗಿ ಬೆಳಕಿಗೆ ಬಂತು.

8. ಕೊನೆಯ ಮಾತು

ಇನ್ನು ನನ್ನ ಪ್ರಶ್ನೆಯ ಉತ್ತರ. ಉಲ್ಯೋವಾ ದಡ್ಡನಲ್ಲ, ಕಳ್ಳನಲ್ಲ, ಮನಸ್ಸು ಕಲ್ಲಾದವನೂ ಅಲ್ಲ. ಅವನ ಕಾಲದ ಅತ್ಯುತ್ತಮ ಅಧಿಕಾರಿಗಳಲ್ಲಿ ಒಬ್ಬ. ಆದ್ದರಿಂದಲೇ ಅವನ ಸೋಲು ಅವನೊಬ್ಬನ ಸೋಲಾಗಿ ಉಳಿಯುವುದಿಲ್ಲ. ಅವನ ತಿಳಿವಳಿಕೆ ಹರಿದದ್ದು ಒಂದೇ ದಿಕ್ಕಿಗೆ, ಕೆಳಗಿನಿಂದ ಮೇಲಕ್ಕೆ. ಯಾರ ಬಗ್ಗೆ ಬರೆದನೋ ಅವರು ಅದನ್ನು ಓದುವಂತಿರಲಿಲ್ಲ, ಇದು ಸುಳ್ಳು ಎನ್ನುವಂತಿರಲಿಲ್ಲ, ಇದು ನಿಜ, ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳುವಂತಿರಲಿಲ್ಲ. ಓದುವವನು ಒಬ್ಬನೇ ಆದಾಗ, ಓದಿ ಮುಚ್ಚಿಡುವ ಹಕ್ಕೂ ಅವನೊಬ್ಬನದೇ.

ನಮ್ಮ ನಾಡಿಗೂ ಇದರ ಪರಿಚಯವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಇಂಗ್ಲಿಷ್ ಅಧಿಕಾರಿ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ತನ್ನ ಆಧಾರರೇಖೆ ಅಳೆದ. ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಊರೂರು ತಿರುಗಿ ನಮ್ಮ ಹೊಲ, ಮಗ್ಗ, ಕಬ್ಬಿಣದ ಕುಲುಮೆಗಳ ಲೆಕ್ಕ ಬರೆದ. ಇಂದು ನಾವು ಅವನ್ನೆಲ್ಲ ಪ್ರೀತಿಯಿಂದ ಓದುತ್ತೇವೆ, ನಮ್ಮ ಅಜ್ಜಂದಿರ ಬದುಕು ಅಲ್ಲಿ ಸಿಗುತ್ತದೆ ಎಂದು. ಆ ಅಜ್ಜಂದಿರಿಗಾಗಿ ಬರೆದ ಪುಸ್ತಕ ಅದಾಗಿರಲಿಲ್ಲ ಎಂಬುದನ್ನೂ ನೆನಪಿಟ್ಟು ಓದಬೇಕು.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅಧಿಕಾರಿಗಳಾಗುತ್ತೀರಿ, ಸಮೀಕ್ಷೆ ಮಾಡುತ್ತೀರಿ, ವರದಿ ಬರೆಯುತ್ತೀರಿ. ಉಲ್ಯೋವಾನ ನಿಖರತೆ ನಿಮಗೆ ಬರಲಿ. ಹನ್ನೆರಡು ಕಿಲೋಮೀಟರಿಗೆ ಮೂರು ಅಂಗುಲದಷ್ಟೂ ತಪ್ಪದ ಆ ಶ್ರದ್ಧೆ ದೊಡ್ಡದು. ಆದರೆ ವರದಿಯ ಒಂದು ಪ್ರತಿ ಯಾರ ಬಗ್ಗೆ ಬರೆದಿದೆಯೋ ಅವರ ಕೈಗೆ, ಅವರ ಭಾಷೆಯಲ್ಲಿ ಸಿಗುವಂತೆ ನೋಡಿಕೊಳ್ಳಿ. ಪ್ರಶ್ನೆ ಕೇಳುವವರು ಹೆಚ್ಚಾದಷ್ಟೂ ವರದಿಯನ್ನು ಬೀಗ ಹಾಕಿ ಇಡುವುದು ಕಷ್ಟವಾಗುತ್ತದೆ.